ಸುಂಕದ ಕಟ್ಟೆಯಲ್ಲಿ ನಿಂತ ನಾಣ್ಯ



"ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡಂತೆ" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಗಂಟು ಹೊತ್ತು ಬಂದ ವ್ಯಾಪಾರಿ ತನ್ನ ಕಷ್ಟವನ್ನು ಎಷ್ಟೇ ಹೇಳಿಕೊಂಡರೂ ಸುಂಕದವನ ಕಣ್ಣು ಗಂಟಿನ ಮೇಲೆಯೇ ಇರುತ್ತದೆ ಎಂಬುದು ಅದರ ಅರ್ಥ. ಈ ಗಾದೆಯ ಅನುಭವ ಇಂದು ಹೆಚ್ಚಾಗಿ ಆಗುತ್ತಿರುವುದು ಹೊರದೇಶದಿಂದ ಹಳೆಯ ನಾಣ್ಯಗಳನ್ನು ತರಿಸಿಕೊಳ್ಳುವ ಸಂಗ್ರಾಹಕರಿಗೆ.

ಒಂದು ಉದಾಹರಣೆಯನ್ನು ಭಾವಿಸಿಕೊಳ್ಳಿ. ಚನ್ನಪಟ್ಟಣದ ಒಬ್ಬ ಸಂಗ್ರಾಹಕರು ಲಂಡನ್ನಿನ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಒಂದು ತಾಮ್ರದ ಪೈಸೆಯನ್ನು ಕೊಳ್ಳುತ್ತಾರೆ. ಆ ಪೈಸೆ ಟಂಕಿಸಲ್ಪಟ್ಟದ್ದು ಶ್ರೀರಂಗಪಟ್ಟಣದಲ್ಲಿ. ಅಂದರೆ ಅವರ ಮನೆಯಿಂದ ಬಸ್ಸಿನಲ್ಲಿ ಎರಡು ಗಂಟೆಯೂ ಆಗದ ಊರಿನಲ್ಲಿ. ವಿಮಾನದಲ್ಲಿ ಲಂಡನ್ನಿನಿಂದ ಬರಲು ಅದಕ್ಕೆ ಒಂದು ದಿನ ಸಾಕು. ಆದರೆ ಸುಂಕದ ಅಧಿಕಾರಿಗಳ ಮೇಜಿನಿಂದ ಚನ್ನಪಟ್ಟಣಕ್ಕೆ ಬರಲು ವಾರಗಳು ಹಿಡಿಯುತ್ತವೆ; ಕೆಲವೊಮ್ಮೆ ತಿಂಗಳುಗಳೇ ಆಗುತ್ತವೆ. "ನಮ್ಮ ನಾಡಿನ ನಾಣ್ಯ ನಮ್ಮ ನಾಡಿಗೆ ಬರಲು ಇಷ್ಟೊಂದು ತಡೆಯೇಕೆ?" ಎಂದು ಅವರು ಕೇಳುವುದು ಸಹಜ.

ಈ ಪ್ರಶ್ನೆಗೆ ಉತ್ತರ ಕಾನೂನಿನ ಪುಸ್ತಕದಲ್ಲಿ ಮಾತ್ರವಲ್ಲ, ಇತಿಹಾಸದಲ್ಲೂ ಇದೆ. ಆ ಇತಿಹಾಸದ ಒಂದು ಭಾಗ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ದಾರಿಗಳಲ್ಲೇ ನಡೆದಿದೆ. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಸುಂಕದ ಹಳೆಯ ಹೆಸರುಗಳು

ಸುಂಕ ಬ್ರಿಟಿಷರು ತಂದದ್ದಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಹೆಜ್ಜುಂಕವೆಂದರೆ ಹಿರಿದಾದ ಸುಂಕ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರಿದ್ದರು. ಸುಂಕ ವಸೂಲಿಯೇ ಅವರ ಕಾಯಕ. ಬೆಂಗಳೂರಿನಿಂದ ಮಾಗಡಿ ರಸ್ತೆಯಲ್ಲಿ ಹೊರಟರೆ ಇಂದಿಗೂ ಸುಂಕದಕಟ್ಟೆ ಎಂಬ ಬಡಾವಣೆಯನ್ನು ದಾಟಿಯೇ ಮಾಗಡಿಗೆ ಹೋಗಬೇಕು. ಕಟ್ಟೆ ಹೋದರೂ ಹೆಸರು ಉಳಿದಿದೆ.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾಗಿ ನಾನು ಗಮನಿಸಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಬಯಸುತ್ತೇನೆ. ಉತ್ತರ ಕರ್ನಾಟಕದಲ್ಲಿ ಸುಂಕಕ್ಕೆ ಜಕಾತಿ ಎನ್ನುತ್ತಾರೆ. ಇದು ಜಕಾತ್ ಎಂಬ ಅರಬ್ಬಿ ಪದದಿಂದ ಬಂದದ್ದು. ಧರ್ಮದಲ್ಲಿ ಅದು ಬಡವರ ಪಾಲಿಗೆ ಕೊಡುವ ಕಡ್ಡಾಯ ದಾನ. ಆಡಳಿತದ ಭಾಷೆಯಲ್ಲಿ ಅದೇ ಪದ ಸಾಮಾನಿನ ಮೇಲಿನ ತೆರಿಗೆಯಾಯಿತು. ದಾರಿಯ ಪರವಾನಗಿಗೆ ರಹದಾರಿ, ಹಣ ಕಟ್ಟಿದ್ದಕ್ಕೆ ರಸೀದಿ, ವಸೂಲಿಗೆ ಮಹಸೂಲು, ನಾಣ್ಯ ಪರೀಕ್ಷಿಸುವವನಿಗೆ ಸರಾಫ ಎಂಬ ಪದಗಳೂ ಅರಬ್ಬಿ ಪಾರಸಿ ಮೂಲದವೇ. ಇಂಗ್ಲಿಷರು ಸುಂಕದ ಪಟ್ಟಿಗೆ ಹೇಳುವ ಟ್ಯಾರಿಫ್ ಎಂಬ ಪದವೂ ಅರಬ್ಬಿಯ ತಾರೀಫ್‌ನಿಂದ ಹೋದದ್ದು. ಫ್ರೆಂಚರು ಸುಂಕದ ಕಚೇರಿಗೆ ಹೇಳುವ ದುವಾನ್ ಎಂಬ ಪದ ನಮ್ಮ ದಿವಾನ್ ಪದದ ಬಂಧು. ಹಡಗುಗಳು ಸಾಮಾನನ್ನು ಮಾತ್ರವಲ್ಲ, ಮಾತುಗಳನ್ನೂ ಹೊತ್ತು ತಿರುಗಿದವು ಎಂಬುದು ಇದರಿಂದ ತಿಳಿಯುತ್ತದೆ.

ಹೊರದೇಶದ ನಾಣ್ಯಗಳು ನಮ್ಮ ನೆಲಕ್ಕೆ ಬಂದದ್ದೂ ಬಹಳ ಹಿಂದೆಯೇ. 1891ರಲ್ಲಿ ರೈಲು ಹಳಿ ಹಾಕುವ ಕೆಲಸ ನಡೆಯುತ್ತಿದ್ದಾಗ ಬೆಂಗಳೂರಿನ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಇನ್ನೂ 256 ಸಿಕ್ಕವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಮೆಣಸು, ಬಟ್ಟೆ, ಹರಳುಗಳಿಗಾಗಿ ರೋಮನ್ ವ್ಯಾಪಾರಿಗಳು ಕೊಟ್ಟ ಬೆಳ್ಳಿ ಅದು. ಅಂದಿನ ಹಡಗುಗಳಿಗೂ ಸುಂಕ ತಪ್ಪಿರಲಿಲ್ಲ. ಈಜಿಪ್ತಿನಲ್ಲಿ ದೊರೆತು ಈಗ ವಿಯೆನ್ನಾ ನಗರದಲ್ಲಿರುವ, ಕ್ರಿ.ಶ. ಎರಡನೆಯ ಶತಮಾನದ ಒಂದು ಒಪ್ಪಂದದ ಪತ್ರವಿದೆ. ಕೇರಳದ ಮುಸಿರಿಸ್ ಬಂದರಿನ ವ್ಯಾಪಾರಕ್ಕೆ ಪಡೆದ ಸಾಲದ ಕರಾರು ಅದು. ಹರ್ಮಪೋಲನ್ ಎಂಬ ಹಡಗಿನ ಸರಕನ್ನು ಅಲೆಕ್ಸಾಂಡ್ರಿಯಾದ ಉಗ್ರಾಣಕ್ಕೆ ತಂದು, ಅದರ ನಾಲ್ಕನೆಯ ಒಂದು ಭಾಗವನ್ನು ಸುಂಕವಾಗಿ ಸಲ್ಲಿಸಿದ ಮೇಲೆಯೇ ಮಾಲೀಕ ಅದನ್ನು ಮಾರಬಹುದಿತ್ತು. ಶೇಕಡಾ 25 ಸುಂಕ! ಇಂದಿನ ಸಂಗ್ರಾಹಕರು ತಮಗೆ ಮಾತ್ರ ಈ ಕಷ್ಟವೆಂದು ಭಾವಿಸಬೇಕಾಗಿಲ್ಲ.

ನಾಣ್ಯದ ಮೇಲಿನ ವಿಳಾಸ

ಈಗ ನಮ್ಮ ಉದಾಹರಣೆಯ ಪೈಸೆಗೆ ಬರೋಣ. ತರಗತಿಯಲ್ಲಿ ಮೈಸೂರಿನ ಇತಿಹಾಸದ ಪಾಠ ಬಂದಾಗ ಒಬ್ಬಿಬ್ಬರು ಮಕ್ಕಳು ಮನೆಯ ಪೆಟ್ಟಿಗೆಯಿಂದ ಹಳೆಯ ತಾಮ್ರದ ಬಿಲ್ಲೆಗಳನ್ನು ತಂದು ತೋರಿಸುವುದುಂಟು. ಒಂದು ಮುಖದಲ್ಲಿ ಆನೆ. ಇನ್ನೊಂದು ಮುಖದಲ್ಲಿ ಪಾರಸಿ ಬರಹ. ಉರ್ದು ಓದಬಲ್ಲ ಮಗು ಆ ಬರಹದಲ್ಲಿ ಒಂದೆರಡು ಅಕ್ಷರಗಳನ್ನು ಗುರುತಿಸಿದಾಗ ಅದರ ಮುಖದಲ್ಲಿ ಕಾಣುವ ಸಂತೋಷ ದೊಡ್ಡದು. ಆ ಅಕ್ಷರಗಳಲ್ಲಿ ಮುಖ್ಯವಾದದ್ದು ಟಂಕಸಾಲೆಯ ಹೆಸರು. ಅದೇ ನಾಣ್ಯದ ವಿಳಾಸ.

1782ರಿಂದ 1799ರವರೆಗೆ ಆಳಿದ ಟಿಪ್ಪು ಹಲವು ಊರುಗಳಲ್ಲಿ ನಾಣ್ಯ ಟಂಕಿಸಿದ. ಪಟ್ಟಣ ಎಂದಿದ್ದರೆ ಅದು ಶ್ರೀರಂಗಪಟ್ಟಣ. ನಗರ ಎಂದಿದ್ದರೆ ಬಿದನೂರು. ಕೆಲವು ಊರುಗಳಿಗೆ ಅವನು ಹೊಸ ಹೆಸರುಗಳನ್ನಿಟ್ಟಿದ್ದರಿಂದ ನಾಣ್ಯದಲ್ಲಿಯೂ ಅವೇ ಬರುತ್ತವೆ: ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್, ಗುತ್ತಿಗೆ ಫೈಜ್ ಹಿಸಾರ್, ಮೈಸೂರಿಗೆ ನಜರ್‌ಬಾರ್. ನಮ್ಮ ರಾಮನಗರಕ್ಕೂ ಆಗ ಶಂಶೇರಾಬಾದ್ ಎಂಬ ಹೆಸರಿತ್ತು. ಟಿಪ್ಪುವಿನ ನಂತರ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಅದು ಕ್ಲೋಸ್‌ಪೇಟೆಯಾಯಿತು, ಮುಂದೆ ರಾಮನಗರವಾಯಿತು. 2007ರಲ್ಲಿ ಅದೇ ಹೆಸರಿನ ಜಿಲ್ಲೆ ರೂಪುಗೊಂಡಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಕಾಗದದ ವಿಳಾಸಗಳು ಹೀಗೆ ಬದಲಾಗುತ್ತವೆ. ನಾಣ್ಯದ ಮೇಲೆ ಬಿದ್ದ ವಿಳಾಸ ಬದಲಾಗುವುದಿಲ್ಲ.

ನಾಣ್ಯಗಳಿಗೆ ಟಿಪ್ಪು ಇಟ್ಟ ಹೆಸರುಗಳೂ ವಿಶಿಷ್ಟವಾಗಿವೆ. ನಾಲ್ಕು ವರಾಹಗಳ ಬೆಲೆಯ ಚಿನ್ನದ ನಾಣ್ಯ ಅಹ್ಮದಿ. ಎರಡು ವರಾಹದ್ದು ಸಿದ್ದೀಖಿ. ಒಂದು ವರಾಹದ್ದು ಫಾರೂಖಿ. ಬೆಳ್ಳಿಯ ಎರಡು ರೂಪಾಯಿ ಹೈದರಿ; ಒಂದು ರೂಪಾಯಿ ಇಮಾಮಿ; ಅರ್ಧ ಆಬಿದಿ; ಕಾಲು ಬಾಖಿರಿ. ಪ್ರವಾದಿಯವರಿಂದ ಆರಂಭಿಸಿ ಖಲೀಫರು, ಇಮಾಮರ ಹೆಸರುಗಳು ಇಲ್ಲಿವೆ. ತಾಮ್ರಕ್ಕೆ ಬಂದಾಗ ಆಕಾಶದ ಹೆಸರುಗಳು: ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ, ಕಾಲಿಗೆ ಅಖ್ತರ್ ಅಂದರೆ ನಕ್ಷತ್ರ, ಅದರರ್ಧಕ್ಕೆ ಖುತ್ಬ್ ಅಂದರೆ ಧ್ರುವ. ಅವನ ತಂದೆ ಹೈದರಲಿಯ ಬಹಾದ್ದೂರಿ ವರಾಹದಲ್ಲಿ ಒಂದು ಮುಖಕ್ಕೆ ಶಿವಪಾರ್ವತಿಯರಿದ್ದು, ಇನ್ನೊಂದು ಮುಖದಲ್ಲಿ ಹೈದರನ ಹೆಸರಿನ ಮೊದಲಕ್ಷರ 'ಹೇ' ಇದೆ. ಇಕ್ಕೇರಿಯ ವರಾಹವನ್ನು ನಂಬಿದ ಜನರಿಗೆ ಹೈದರಲಿ ಅದೇ ರೂಪದ ನಾಣ್ಯವನ್ನು ಕೊಟ್ಟ. ನಾಣ್ಯ ನಡೆಯುವುದು ಜನರ ನಂಬಿಕೆಯಿಂದ ಎಂಬುದನ್ನು ಅವನು ಬಲ್ಲವನಾಗಿದ್ದ.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. 1787ರ ಸುಮಾರಿಗೆ ಟಿಪ್ಪು ಹಿಜರಿ ಶಕವನ್ನು ಬಿಟ್ಟು ಮೌಲೂದಿ ಶಕವನ್ನು ಬಳಕೆಗೆ ತಂದ. ಆ ಮೇಲಿನ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 5121 ಎಂದು ಕಂಡರೆ ಅದು 1215. ಇದನ್ನು ತಿಳಿಯದೆ ಹೊರದೇಶದ ಮಾರಾಟಗಾರ ಚೀಟಿಯಲ್ಲಿ ತಪ್ಪು ವರ್ಷ ಬರೆದರೆ ಸುಂಕದ ಮೇಜಿನಲ್ಲಿ ಮೊದಲ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ.

ಹದಿನೆಂಟು ತಿಂಗಳ ಪ್ರಯಾಣ

ಹಡಗು, ಬಂದರು, ಸುಂಕ ಇವುಗಳ ಮಹತ್ವವನ್ನು ಚೆನ್ನಾಗಿ ಅರಿತಿದ್ದ ನಮ್ಮ ನಾಡಿನ ದೊರೆಗಳಲ್ಲಿ ಟಿಪ್ಪು ಮುಂಚೂಣಿಯಲ್ಲಿದ್ದಾನೆ. ಓಮಾನಿನ ಮಸ್ಕತ್ ಬಂದರಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು. 1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಅವನ ರಾಯಭಾರಿಗಳನ್ನು ಹೊತ್ತು ಇಸ್ತಾಂಬುಲ್ ಕಡೆಗೆ ಹೊರಟವು. ಗುಲಾಮ್ ಅಲಿ ಖಾನ್ ಮುಖ್ಯಸ್ಥ. ಗಂಧದ ಮರ, ಮೆಣಸು, ಬಟ್ಟೆಗಳ ಜೊತೆಗೆ ಮೈಸೂರಿನ ಹೊಸ ನಾಣ್ಯಗಳೂ ಹಡಗಿನಲ್ಲಿದ್ದವು. ಮಸ್ಕತ್‌ನಲ್ಲಿ ಕಾಯುವುದು, ಬಸ್ರಾದಲ್ಲಿ ಅನುಮತಿಗಾಗಿ ಮತ್ತೆ ಕಾಯುವುದು, ದಾರಿಯಲ್ಲಿ ಹಡಗುಗಳ ನಷ್ಟ, ಹೀಗೆ ಸಾಗಿ ಅವರು ಇಸ್ತಾಂಬುಲ್ ತಲುಪಿದ್ದು 1787ರ ಸೆಪ್ಟೆಂಬರ್‌ನಲ್ಲಿ. ಹದಿನೆಂಟು ತಿಂಗಳು! ಹೋದವರಲ್ಲಿ ಬಹಳ ಮಂದಿ ರೋಗಕ್ಕೆ ಬಲಿಯಾಗಿ ಹಿಂದಿರುಗಲೇ ಇಲ್ಲ. ಈ ರಾಯಭಾರದ ಉದ್ದೇಶಗಳಲ್ಲಿ ವ್ಯಾಪಾರದ ಸವಲತ್ತು ಪಡೆಯುವುದೂ ಒಂದಾಗಿತ್ತು.

ಅದೇ ದಶಕದಲ್ಲಿ ಇನ್ನೊಂದು ಸರಕನ್ನೂ ಅವನು ತರಿಸಿದ. ಬಂಗಾಳ ಮತ್ತು ಮಸ್ಕತ್‌ಗಳಿಂದ ರೇಷ್ಮೆ ಹುಳುಗಳನ್ನೂ ಅವನ್ನು ಸಾಕಬಲ್ಲವರನ್ನೂ ತರಿಸಲು ಅವನು ಬರೆಸಿದ ಪತ್ರಗಳು ಉಳಿದಿವೆ. ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಅವುಗಳ ಅನುವಾದವನ್ನು 1811ರಲ್ಲಿ ಪ್ರಕಟಿಸಿದ. ಬಂಗಾಳಕ್ಕೆ ಹೋದವರಲ್ಲಿ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರ ಹೆಸರುಗಳು ಅಲ್ಲಿವೆ. ಇಂದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೈತರು ಗೂಡು ಸುರಿಯುವಾಗ, ಆ ಉದ್ಯಮದ ಮೂಲದಲ್ಲಿ ಈ ಇಬ್ಬರು ಒಟ್ಟಿಗೆ ಮಾಡಿದ ಪ್ರಯಾಣವಿದೆ ಎಂಬುದನ್ನು ನಾವು ಮರೆಯಬಾರದು.

ನಮ್ಮ ಊರುಗಳ ಸಾಮಾನೂ ಹೊರಗೆ ಹೋಗುತ್ತಿತ್ತು. 1800ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿ ಭಾರತದ ದೂರದ ಪ್ರದೇಶಗಳಿಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ರಸೀದಿ ಇಲ್ಲದೆ ಹೋದ ನಾಣ್ಯಗಳು

ಇಷ್ಟೆಲ್ಲ ನಾಣ್ಯಗಳು ಲಂಡನ್ನಿಗೆ ಹೋದದ್ದು ಹೇಗೆ? ಇದಕ್ಕೆ ಉತ್ತರ ನಮ್ಮ ಬೆಟ್ಟಗಳ ನಡುವೆ ಇದೆ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಅಂದು ಕಾನಕಾನಹಳ್ಳಿ ಎನಿಸಿಕೊಂಡಿದ್ದ ಇಂದಿನ ಕನಕಪುರದ ದಾರಿಯಲ್ಲಿ ಶ್ರೀರಂಗಪಟ್ಟಣದ ಕಡೆಗೆ ಸಾಗಿತು. ಅದೇ ವರ್ಷ ಡಿಸೆಂಬರ್ 21ರಂದು ಮಾಗಡಿ ಸೀಮೆಯ ಸಾವನದುರ್ಗ ಬಿತ್ತು. ಅದರ ಬೆನ್ನಿಗೇ ರಾಮಗಿರಿಯ ಕೋಟೆಯೂ ಶರಣಾಯಿತು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಹಣ ಪೂರ್ತಿ ಸಲ್ಲುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಆ ಹಣ ಸಂದಾಯವಾದದ್ದು ಕಾಗದದಲ್ಲಲ್ಲ; ತೂಕ ನೋಡಿ ಎಣಿಸಿದ ಚಿನ್ನ ಬೆಳ್ಳಿಯ ನಾಣ್ಯಗಳಲ್ಲಿ ಮತ್ತು ಗಟ್ಟಿಗಳಲ್ಲಿ. ಮೈಸೂರಿನ ಬೊಕ್ಕಸ ಹೀಗೆ ಗಾಡಿ ಗಾಡಿಯಾಗಿ ಹೊರಟುಹೋಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದದ್ದು ಲೂಟಿಯಾಯಿತು, ಹಂಚಿಕೆಯೂ ಆಯಿತು. ಗೆದ್ದವರಿಗಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ ಪದಕಗಳನ್ನು ಹೊಡೆಸಲಾಯಿತು. ಸಿಂಹವೊಂದು ಹುಲಿಯನ್ನು ಕೆಡವುತ್ತಿರುವ ಚಿತ್ರ ಅದರ ಮೇಲಿದೆ. ನಾಣ್ಯಗಳು ಹಡಗೇರಿ ಪಶ್ಚಿಮಕ್ಕೆ ಹೋದವು, ಪದಕಗಳು ಹಡಗೇರಿ ಪೂರ್ವಕ್ಕೆ ಬಂದವು.

ನಂತರದ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳಲ್ಲಿ ನಾಣ್ಯ ಸಂಗ್ರಹದ ಹವ್ಯಾಸ ಬೆಳೆಯಿತು. ಪೇಟೆಯ ಸರಾಫರ ಅಂಗಡಿಯಲ್ಲಿ ತೂಕದ ಬೆಲೆಗೆ ಸಿಗುತ್ತಿದ್ದ ತಾಮ್ರವನ್ನು ಆರಿಸಿ ಕೊಂಡರು. ಅವರಲ್ಲಿ ವಿದ್ವಾಂಸರೂ ಇದ್ದರು ಎಂಬುದನ್ನು ಒಪ್ಪಬೇಕು. ಜಿ.ಪಿ. ಟೇಲರ್ 1914ರಲ್ಲಿ ಟಿಪ್ಪುವಿನ ನಾಣ್ಯಗಳ ಬಗ್ಗೆ ಪುಸ್ತಕ ಬರೆದರು. ಜೆ.ಆರ್. ಹೆಂಡರ್ಸನ್ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಬರೆದ ಗ್ರಂಥ 1921ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಇಂದಿಗೂ ಸಂಗ್ರಾಹಕರಿಗೆ ಇವೇ ಆಧಾರ. ಆದರೆ ಒಂದು ನಷ್ಟವನ್ನು ಯಾವ ಪುಸ್ತಕವೂ ತುಂಬಿಕೊಡಲಾರದು. ಯಾವ ನಾಣ್ಯ ಯಾವ ಊರಿನ ಯಾವ ಹೊಲದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬ ವಿವರ ಬಹುಪಾಲು ನಾಣ್ಯಗಳ ಮಟ್ಟಿಗೆ ಬರೆದಿಡಲ್ಪಡಲಿಲ್ಲ. ನಾಣ್ಯ ಉಳಿಯಿತು, ಅದರ ಸಾಕ್ಷ್ಯ ಅಳಿಯಿತು. ಯಶವಂತಪುರದ 163 ನಾಣ್ಯಗಳು ಇಂದು ಪಾಠವಾಗಿರುವುದು ಅವು ಸಿಕ್ಕ ಜಾಗ, ವರ್ಷ, ಸಂಖ್ಯೆ ಮೂರೂ ದಾಖಲಾದ್ದರಿಂದ.

ಬಾಗಿಲು ಹಾಕಿದ ಕಾನೂನು

ಹೋದದ್ದು ಹೋಯಿತು, ಉಳಿದದ್ದಾದರೂ ಉಳಿಯಲಿ ಎಂಬ ವಿಚಾರದಿಂದ ಸ್ವತಂತ್ರ ಭಾರತ ಕಾನೂನುಗಳನ್ನು ಮಾಡಿತು. 1947ರಲ್ಲಿಯೇ ಪುರಾತನ ವಸ್ತುಗಳ ರಫ್ತು ನಿಯಂತ್ರಣ ಕಾಯಿದೆ ಬಂತು. ಅದರ ಸ್ಥಾನದಲ್ಲಿ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆ ಬಂದು, 1976ರ ಏಪ್ರಿಲ್ 5ರಿಂದ ಜಾರಿಯಾಯಿತು. ಇದರ ಪ್ರಕಾರ ನೂರು ವರ್ಷಕ್ಕಿಂತ ಹಳೆಯದಾದ ನಾಣ್ಯವೂ ಪುರಾತನ ವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ ಇದೆ. ಮೀರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಒಂದು ವಸ್ತು ಪುರಾತನವೇ ಅಲ್ಲವೇ ಎಂಬ ಸಂಶಯ ಬಂದರೆ ತೀರ್ಮಾನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಸಾಂಸ್ಕೃತಿಕ ಸೊತ್ತಿನ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೋದ 1970ರ ಒಪ್ಪಂದಕ್ಕೂ ಭಾರತ 1977ರಲ್ಲಿ ಸೇರಿತು.

ನೆಲದಲ್ಲಿ ಸಿಕ್ಕ ನಾಣ್ಯಗಳಿಗೆ ಇದಕ್ಕಿಂತ ಹಳೆಯ ಕಾನೂನಿದೆ. 1878ರ ಭಾರತೀಯ ನಿಧಿ ಕಾಯಿದೆ ಮತ್ತು ನಮ್ಮ ರಾಜ್ಯದ 1962ರ ನಿಧಿ ಕಾಯಿದೆಗಳ ಆಶಯವೊಂದೇ: ಹೊಲ ಉಳುವಾಗ, ಪಾಯ ತೋಡುವಾಗ ನಿಧಿ ಸಿಕ್ಕರೆ ಬಚ್ಚಿಡದೆ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಇಂದಿನ ಕಟ್ಟೆ

ಈ ಹಿನ್ನೆಲೆಯಲ್ಲಿ ನಮ್ಮ ಚನ್ನಪಟ್ಟಣದ ಸಂಗ್ರಾಹಕರ ಪೊಟ್ಟಣ ಏಕೆ ನಿಂತಿತೆಂದು ನೋಡೋಣ.

1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ವಿಶ್ವ ಅಂಚೆ ಒಕ್ಕೂಟ ಹುಟ್ಟಿತು. ಭಾರತ 1876ರಲ್ಲಿ ಅದರ ಸದಸ್ಯನಾಯಿತು. ಆ ಒಕ್ಕೂಟದ ನಿಯಮದಂತೆ ವಿಮೆ ಮಾಡಿಸದ ಪತ್ರಗಳಲ್ಲಿ ನಾಣ್ಯ ಇಡುವಂತಿಲ್ಲ. ಆದರೂ ಎಷ್ಟೋ ಮಾರಾಟಗಾರರು ಖರ್ಚು ಉಳಿಸಲು ಎರಡು ರಟ್ಟುಗಳ ನಡುವೆ ನಾಣ್ಯವಿಟ್ಟು ಸಾಧಾರಣ ಅಂಚೆಗೆ ಹಾಕುತ್ತಾರೆ. ತಡವಾಗುವುದಕ್ಕೆ ಇದು ಮೊದಲ ಕಾರಣ.

ಎರಡನೆಯದು ಘೋಷಣಾ ಚೀಟಿ. ಅಂಚೆಯ ಪೊಟ್ಟಣಕ್ಕೆ ಸಿ.ಎನ್. 22 ಅಥವಾ ಸಿ.ಎನ್. 23 ಎಂಬ ನಮೂನೆ ಅಂಟಿಸಬೇಕು. ಒಳಗೆ ಏನಿದೆ, ತೂಕವೆಷ್ಟು, ಬೆಲೆಯೆಷ್ಟು ಎಂದು ಅದರಲ್ಲಿ ಬರೆಯಬೇಕು. "ಉಡುಗೊರೆ" ಎಂದೋ "ಲೋಹದ ಬಿಲ್ಲೆ" ಎಂದೋ ಬರೆದರೆ ಅಧಿಕಾರಿಗೆ ಅನುಮಾನ ಬರುತ್ತದೆ, ಪೊಟ್ಟಣ ಬಿಚ್ಚುತ್ತಾರೆ. ಒಳಗೆ ಇನ್ನೂರು ವರ್ಷದ ನಾಣ್ಯವಿದ್ದು ಚೀಟಿಯಲ್ಲಿ ಬೆಲೆ ತೀರ ಕಡಿಮೆ ಇದ್ದರೆ ಅನುಮಾನ ದೃಢವಾಗುತ್ತದೆ.

ಮೂರನೆಯದು ವರ್ಗೀಕರಣ. ಸುಂಕದ ಪಟ್ಟಿಯಲ್ಲಿ ನಾಣ್ಯ ಒಂದೇ ಕಡೆ ಇಲ್ಲ. ಸಾಧಾರಣ ನಾಣ್ಯಗಳಿಗೆ 7118ನೆಯ ಶೀರ್ಷಿಕೆ. ನಾಣ್ಯಶಾಸ್ತ್ರದ ದೃಷ್ಟಿಯಿಂದ ಮಹತ್ವವುಳ್ಳ ಸಂಗ್ರಾಹಕರ ವಸ್ತುಗಳಿಗೆ 9705. ಪಟ್ಟಿಯ 2022ರ ಅಂತಾರಾಷ್ಟ್ರೀಯ ಪರಿಷ್ಕರಣೆಯಲ್ಲಿ 9705ರೊಳಗೆ ನೂರು ವರ್ಷ ಮೀರಿದವುಗಳಿಗೆ ಪ್ರತ್ಯೇಕ ಸಂಖ್ಯೆ ಬಂತು. ಯಾವ ಮನೆಗೆ ಸೇರುತ್ತದೆ ಎಂಬುದರ ಮೇಲೆ ಸುಂಕ ನಿಂತಿದೆ. ಅದನ್ನು ಹೇಳಬೇಕಾದವರಿಗೆ ಪಾರಸಿ ಬರಹ ಓದಲು ಬಾರದಿದ್ದರೆ ಪೊಟ್ಟಣ ಪರಿಣತರನ್ನು ಕಾಯುತ್ತಾ ಕೂರುತ್ತದೆ.

ಇವುಗಳಿಗೆ ಹೊರತಾಗಿ ಯಾರ ಕೈಯಲ್ಲೂ ಇಲ್ಲದ ತಡೆಗಳೂ ಇವೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ವಿಮಾನಗಳು ನಿಂತಾಗ ಹೊರದೇಶದ ಅಂಚೆಯೂ ನಿಂತಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ 800 ಡಾಲರುಗಳವರೆಗಿನ ಸಾಮಾನಿಗಿದ್ದ ಸುಂಕ ವಿನಾಯಿತಿಯನ್ನು ಕೈಬಿಟ್ಟಾಗ, ನಮ್ಮ ಅಂಚೆ ಇಲಾಖೆ ಆ ದೇಶಕ್ಕೆ ಹೋಗುವ ಪಾರ್ಸೆಲ್ ಸೇವೆಯನ್ನು ಕೆಲವು ವಾರ ನಿಲ್ಲಿಸಬೇಕಾಯಿತು. ಅಕ್ಟೋಬರ್‌ನಲ್ಲಿ ಅದು ಪುನಃ ಆರಂಭವಾಯಿತು. ಯಾವುದೋ ರಾಜಧಾನಿಯಲ್ಲಿ ಬರೆದ ಒಂದು ಆಜ್ಞೆ ಚನ್ನಪಟ್ಟಣದ ಗೊಂಬೆಯ ಪೆಟ್ಟಿಗೆಯನ್ನೂ ತಡೆಯಬಲ್ಲದು.

ಸಂಗ್ರಾಹಕರು ಮತ್ತು ಮನೆಯವರು ತಿಳಿದಿರಬೇಕಾದದ್ದು

ಸಂಘದ ಸದಸ್ಯರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಕೆಲವು ಮಾತುಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ.

1. 1972ರ ಕಾಯಿದೆ ತಡೆಯುವುದು ರಫ್ತನ್ನು. ಹಳೆಯ ನಾಣ್ಯ ಹೊರಗಿನಿಂದ ಬರುವುದಕ್ಕೆ ಅದರಲ್ಲಿ ನಿಷೇಧವಿಲ್ಲ. ಆದರೆ ಸುಂಕ, ತಪಾಸಣೆ ತಪ್ಪುವುದಿಲ್ಲ.

2. ತರಿಸಿಕೊಳ್ಳುವ ಮುನ್ನ ಮಾರಾಟಗಾರರಿಗೆ ಬರೆದು ತಿಳಿಸಿ: ರಾಜನ ಹೆಸರು, ಲೋಹ, ಟಂಕಸಾಲೆ, ವರ್ಷ, ಕೊಟ್ಟ ನಿಜವಾದ ಬೆಲೆ ಇವೆಲ್ಲ ಚೀಟಿಯಲ್ಲಿರಲಿ. ಬಿಲ್ಲಿನ ಪ್ರತಿ ಪೊಟ್ಟಣದ ಒಳಗೂ ಹೊರಗೂ ಇರಲಿ. ಬೆಲೆ ಕಡಿಮೆ ತೋರಿಸಿ ಎಂದು ಎಂದೂ ಕೇಳಬೇಡಿ. ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಯದೇ, ಸಿಕ್ಕಿಬಿದ್ದರೆ ದಂಡ ಮಾತ್ರ ಪೂರ್ಣ ಬೆಲೆಯದು.

3. ಬಂದ ನಾಣ್ಯ ನಕಲಿ ಎಂದು ತಿಳಿದರೆ ಹಿಂದಿರುಗಿಸುವುದು ಸುಲಭವಲ್ಲ. ಅದು ನಿಜವಾಗಿ ಹಳೆಯದಾದರೆ ಹೊರಗೆ ಕಳಿಸುವಂತಿಲ್ಲ. ನಕಲಿಯಾದರೆ ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಪಡೆಯಬೇಕಾಗುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಪರೀಕ್ಷಿಸಿ.

4. ಇದು ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ನಾಲ್ಕೂ ಊರುಗಳಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿವೆ. "ಅಲ್ಲಿ ಒಳ್ಳೆಯ ಬೆಲೆ ಬರುತ್ತದಂತೆ" ಎಂದು ಅಜ್ಜಿಯ ಪೆಟ್ಟಿಗೆಯ ಟಿಪ್ಪುವಿನ ಪೈಸೆಯನ್ನು ಪ್ರಯಾಣಿಕರ ಚೀಲದಲ್ಲಿ ಹಾಕಿ ಕಳಿಸಬೇಡಿ. ಬೆಲೆ ಕೆಲವು ನೂರು ರೂಪಾಯಿಯೇ ಇರಲಿ, ಅಪರಾಧ ಅಪರಾಧವೇ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನಾಣ್ಯದ ಜೊತೆ ಹುಡುಗನ ನೌಕರಿಯೂ ಹೋಗಬಹುದು.

ಕಾನೂನಿನ ಬಗ್ಗೆ ಸಂಗ್ರಾಹಕರ ದೂರಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ವಿಗ್ರಹಕ್ಕೂ ಪೇಟೆಯಲ್ಲಿ ರಾಶಿಯಾಗಿ ಸಿಗುವ ತಾಮ್ರದ ಪೈಸೆಗೂ ಒಂದೇ ಗೆರೆ ಎಳೆದಿರುವುದು ಅವರಿಗೆ ಅತಿಯೆನಿಸುತ್ತದೆ. ಸುಂಕದ ಕಚೇರಿಗಳಲ್ಲಿ ನಾಣ್ಯ ಬಲ್ಲವರಿದ್ದರೆ ಒಂದು ದಿನದಲ್ಲಿ ಆಗುವ ಕೆಲಸಕ್ಕೆ ಒಂದು ತಿಂಗಳು ಹಿಡಿಯುವುದು ನ್ಯಾಯವೂ ಅಲ್ಲ. ಆದರೆ ಇತಿಹಾಸ ಓದಿದವರು ಇನ್ನೊಂದು ಕಡೆಯನ್ನೂ ನೋಡಬೇಕು. 1792ರಲ್ಲಿ, 1799ರಲ್ಲಿ ನಮ್ಮ ನಾಣ್ಯಗಳು ಹೊರಟಾಗ ಯಾವ ತಡೆಯೂ ಇರಲಿಲ್ಲ, ಯಾವ ಚೀಟಿಯೂ ಇರಲಿಲ್ಲ. ಅಂದು ಅಷ್ಟು ಸುಲಭವಾಗಿ ಹೋದದ್ದರಿಂದಲೇ ಇಂದು ಇಷ್ಟು ಕಷ್ಟದಿಂದ ಬರಬೇಕಾಗಿದೆ. ಚೀಟಿಯೊಂದಿಗೆ ತಡವಾಗಿ ಬಂದ ನಾಣ್ಯಕ್ಕೆ ಮುಂದೆ ಒಂದು ದಾಖಲೆ ಇರುತ್ತದೆ: ಎಲ್ಲಿಂದ ಬಂತು, ಯಾವಾಗ ಬಂತು, ಯಾರ ಕೈಗೆ ಬಂತು. ಆ ಕಾಗದವನ್ನು ನಾಣ್ಯದಷ್ಟೇ ಜೋಪಾನವಾಗಿ ಇಡುವವನೇ ನಿಜವಾದ ಸಂಗ್ರಾಹಕ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ನಾಣ್ಯದ ಇತಿಹಾಸ ಕಲಿಯಲು ಲಂಡನ್ನಿನಿಂದ ಪೊಟ್ಟಣ ತರಿಸಬೇಕಾಗಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅದಕ್ಕಿಂತ ಹತ್ತಿರದಲ್ಲಿ ನಿಮ್ಮ ಮನೆಯ ಹಳೆಯ ಪೆಟ್ಟಿಗೆ ಇದೆ. ಅದರಲ್ಲಿ ಒಂದು ಆನೆಯ ಬಿಲ್ಲೆ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆದುಹೋಗುತ್ತದೆ. ಒಂದು ಕಾಗದದ ಲಕೋಟೆಯಲ್ಲಿಟ್ಟು, ಅದರ ಮೇಲೆ ನಾಲ್ಕು ಸಾಲು ಬರೆಯಿರಿ: ಇದು ಯಾರದು, ಯಾವ ಊರಿನಿಂದ ಬಂತು, ಯಾರಿಂದ ಯಾರಿಗೆ ಬಂತು, ಬರೆದ ದಿನಾಂಕ ಯಾವುದು. ಉರ್ದು ಬಲ್ಲವರು ಟಂಕಸಾಲೆಯ ಹೆಸರನ್ನು ಓದಲು ಯತ್ನಿಸಿ. ಬಾರದವರು ಉರ್ದು ತರಗತಿಯ ಗೆಳೆಯನನ್ನು ಕೇಳಿ. ಇನ್ನೂರು ವರ್ಷಗಳಿಂದ ಆ ಬಿಲ್ಲೆ ಯಾವ ಗಡಿಯನ್ನೂ ದಾಟದೆ ನಿಮ್ಮ ಮನೆಯಲ್ಲೇ ಉಳಿದಿದೆ. ಅದರ ಮಾತನ್ನು ಬರೆದಿಡುವ ಕೆಲಸ ಈಗ ನಿಮ್ಮದು.